ಉಳಿದ ಮೂರು ಕಾಲುಗಳ ಆರೈಕೆ: ಕಾಲು ತೆಗೆಸಿದ ನಾಯಿಯನ್ನು ಮನೆಗೆ ತಂದ ಮೇಲೆ

ನಮ್ಮ ಮೋತಿ ಬೀದಿಯಲ್ಲಿ ಹುಟ್ಟಿ ಮನೆ ಸೇರಿದ ನಾಯಿ. ಒಂದು ಸಂಜೆ ಗೇಟು ದಾಟಿ ಓಡಿದವನ ಎಡ ಹಿಂಗಾಲಿನ ಮೇಲೆ ಸರಕಿನ ಆಟೋ ಹರಿಯಿತು. ಮೊಣಕಾಲಿನ ಕೆಳಗಿನ ಮೂಳೆಗಳು ಪುಡಿಯಾಗಿ, ನರ ಕಿತ್ತುಹೋಗಿ, ಪಾದವನ್ನು ಚಿವುಟಿದರೂ ಅರಿವಾಗದ ಸ್ಥಿತಿ ಬಂದ ಮೇಲೆ ಕಾಲನ್ನು ತೆಗೆಸದೆ ಬೇರೆ ದಾರಿ ಉಳಿಯಲಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ನಮಗಿದ್ದ ಭಯವೆಂದರೆ, ಇವನು ಇನ್ನು ನಡೆಯುವುದು ಹೇಗೆ ಎಂಬುದು. ಆ ಭಯ ಮೂರನೆಯ ದಿನಕ್ಕೇ ಸುಳ್ಳಾಯಿತು. ಆಮೇಲೆ ನಮ್ಮನ್ನು ಕಾಡಿದ್ದು ನಾವು ಎಣಿಸಿಯೇ ಇರದ ಸಂಗತಿಗಳು: ಜಾರುವ ನೆಲ, ತಪ್ಪಿಹೋದ ಒಂದು ಹೊತ್ತಿನ ಮಾತ್ರೆ, ಕನಿಕರದಿಂದ ಹಾಕಿದ ಬಿಸ್ಕತ್ತು.

ಹೆಚ್ಚಿನ ನಾಯಿಗಳು ಒಂದು ತಿಂಗಳೊಳಗೆ ಮೂರು ಕಾಲಿನ ನಡಿಗೆಗೆ ಹೊಂದಿಕೊಳ್ಳುತ್ತವೆ. ಹೋದ ಕಾಲಿನ ಬಗ್ಗೆ ನಾವು ಮಾಡಬಹುದಾದದ್ದು ಬಹಳವಿಲ್ಲ; ಮಾಡಬೇಕಾದದ್ದೆಲ್ಲ ಗಾಯ ಮಾಯುವ ತನಕ ನಾಯಿಯನ್ನು ನೋವಿಲ್ಲದೆ ಇಡುವುದು ಮತ್ತು ಉಳಿದ ಮೂರು ಕಾಲುಗಳು ಬಹುಕಾಲ ಬಾಳುವಂತೆ ನೋಡಿಕೊಳ್ಳುವುದು. ಮುಂದೆ ಬರೆದಿರುವುದನ್ನು ಆ ಕ್ರಮದಲ್ಲಿಯೇ ಜೋಡಿಸಿದ್ದೇನೆ. ಔಷಧದ ಪ್ರಮಾಣವನ್ನು ಎಲ್ಲಿಯೂ ಬರೆದಿಲ್ಲ. ಅದನ್ನು ನಿಮ್ಮ ನಾಯಿಯನ್ನು ಕಣ್ಣಾರೆ ನೋಡಿ, ತೂಗಿದ ಪಶುವೈದ್ಯರೇ ನಿರ್ಧರಿಸಬೇಕು.

ಶಸ್ತ್ರಚಿಕಿತ್ಸೆಗೆ ಮೊದಲು

ಹಿಂಗಾಲನ್ನು ಸಾಮಾನ್ಯವಾಗಿ ತೊಡೆಮೂಳೆಯ ಮೇಲ್ಭಾಗದಲ್ಲಿ ಇಲ್ಲವೇ ಸೊಂಟದ ಕೀಲಿನಲ್ಲಿ ತೆಗೆಯುತ್ತಾರೆ. ಮುಂಗಾಲಾದರೆ ಬಹುತೇಕ ಹೆಗಲ ಮೂಳೆಯ ಸಮೇತ. ಪೆಟ್ಟಾಗಿರುವುದು ಕೆಳಗೆ, ತೆಗೆಯುವುದು ಇಡೀ ಕಾಲನ್ನೇಕೆ ಎಂದು ನಾವೂ ಕೇಳಿದ್ದೆವು. ಮೋಟುಗಾಲನ್ನು ಉಳಿಸಿದರೆ ನಾಯಿ ಅದನ್ನು ಊರಲು ನೋಡುತ್ತದೆ, ತುದಿ ನೆಲಕ್ಕೆ ಉಜ್ಜಿ ಹುಣ್ಣಾಗುತ್ತದೆ, ಕೊನೆಗೆ ಎರಡನೆಯ ಶಸ್ತ್ರಚಿಕಿತ್ಸೆಗೆ ದಾರಿಯಾಗುತ್ತದೆ. ಇದರಿಂದಾಗಿಯೇ ಕೃತಕ ಕಾಲಿನ ಪ್ರಶ್ನೆಯನ್ನು ಮೊದಲೇ ಎತ್ತಬೇಕು. ಕೃತಕ ಕಾಲನ್ನು ಕಟ್ಟಲು ಸ್ವಂತ ಕಾಲಿನ ಒಂದು ಭಾಗ ಉಳಿದಿರಬೇಕು. ಬುಡದಿಂದಲೇ ತೆಗೆದ ಮೇಲೆ, ಜೈಪುರದ ಕಾಲನ್ನು ಹಾಕಿಸಬಾರದೇ ಎಂದು ಬೀದಿಯವರೆಲ್ಲ ಕೇಳಿದರೂ, ಕಟ್ಟಲು ಆಧಾರವೇ ಇರುವುದಿಲ್ಲ. ಹಾಗೆಂದು ಮರುಗಬೇಕಾಗಿಲ್ಲ. ಉಳಿದ ಮೂರು ಕಾಲುಗಳು ಗಟ್ಟಿಯಾಗಿದ್ದರೆ ನಾಯಿಗೆ ಕೃತಕ ಕಾಲಾಗಲಿ ಚಕ್ರದ ಗಾಡಿಯಾಗಲಿ ಬೇಕಾಗುವುದು ಅಪರೂಪ.

ನಿಂತ ನಾಯಿಯ ತೂಕದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳ ಮೇಲೂ 40 ಪಾಲು ಹಿಂಗಾಲುಗಳ ಮೇಲೂ ಬೀಳುತ್ತದೆ. ಹೀಗಾಗಿ ಹಿಂಗಾಲು ಹೋದ ನಾಯಿ ಬೇಗ ಎದ್ದು ಓಡಾಡುತ್ತದೆ. ಮುಂಗಾಲು ಹೋದ ನಾಯಿ, ಅದರಲ್ಲಿಯೂ ತಲೆ ಎದೆ ದಪ್ಪಗಿರುವ ತಳಿಯದು, ಮೊದಲ ವಾರದಲ್ಲಿ ಮುಗ್ಗರಿಸುವುದು ಹೆಚ್ಚು. ಯಾವ ಕಾಲು ಹೋದರೂ ಉಳಿದ ಕೀಲುಗಳ ಸ್ಥಿತಿ ಮುಖ್ಯವಾದ್ದರಿಂದ ಸೊಂಟ, ಮೊಣಕಾಲು, ಮೊಣಕೈಗಳನ್ನು ಮೊದಲೇ ಪರೀಕ್ಷಿಸುವಂತೆ ಕೇಳಿಕೊಳ್ಳಬೇಕು. ನಮ್ಮ ಕಡೆ ಇನ್ನೊಂದು ಪರೀಕ್ಷೆಯನ್ನು ಬಿಡಲೇಬಾರದು. ಉಣ್ಣಿಗಳಿಂದ ಬರುವ ಜ್ವರ ದಕ್ಷಿಣ ಭಾರತದ ನಾಯಿಗಳಲ್ಲಿ ಸಾಮಾನ್ಯ. ಅದು ರಕ್ತದ ಪ್ಲೇಟ್‌ಲೆಟ್‌ಗಳನ್ನು ಇಳಿಸುತ್ತದೆ, ಪ್ಲೇಟ್‌ಲೆಟ್ ಇಳಿದ ನಾಯಿಯ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ನೋಡಲು ಲವಲವಿಕೆಯಿಂದಿರುವ ನಾಯಿಯಲ್ಲಿಯೂ ಈ ಸೋಂಕು ಅಡಗಿರಬಹುದು.

ಕಾಲು ತೆಗೆಯುತ್ತಿರುವುದು ಅಪಘಾತಕ್ಕಲ್ಲ, ಆಸ್ಟಿಯೋಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರಿಗೆ ಎಂದಾದರೆ ಲೆಕ್ಕಾಚಾರ ಬೇರೆ. ಗ್ರೇಟ್ ಡೇನ್, ರಾಟ್‌ವೈಲರ್, ಸೇಂಟ್ ಬರ್ನಾರ್ಡ್‌ಗಳಂಥ ದೊಡ್ಡ ತಳಿಗಳಲ್ಲಿ ಹೆಚ್ಚಾಗಿ ಕಾಣುವ ಈ ರೋಗ ಪತ್ತೆಯಾಗುವ ಹೊತ್ತಿಗೆ ಬಹುಪಾಲು ಶ್ವಾಸಕೋಶಕ್ಕೆ ಸೂಕ್ಷ್ಮವಾಗಿ ಹರಡಿರುತ್ತದೆ. ಕಾಲು ತೆಗೆಯುವುದರಿಂದ ಅಸಹನೀಯ ನೋವು ಹೋಗುತ್ತದೆ, ಆದರೆ ರೋಗ ಹೋಗುವುದಿಲ್ಲ. ಕಾಲು ತೆಗೆದಷ್ಟಕ್ಕೇ ನಿಲ್ಲಿಸಿದರೆ ಸರಾಸರಿ ನಾಲ್ಕೈದು ತಿಂಗಳು, ಕೀಮೋಥೆರಪಿಯನ್ನೂ ಕೊಡಿಸಿದರೆ ಸುಮಾರು ಒಂದು ವರ್ಷ ಎಂಬುದು ವೈದ್ಯರು ಸಾಮಾನ್ಯವಾಗಿ ಹೇಳುವ ಮಾತು. ಎದೆಯ ಎಕ್ಸ್‌ರೇ ನೋಡಿ, ಈ ಮಾತನ್ನು ಮನೆಯವರೆಲ್ಲ ಕೂತು ಆಡಿ, ಆಮೇಲೆ ನಿರ್ಧರಿಸುವುದು ಲೇಸು. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಇಂಥ ಶಸ್ತ್ರಚಿಕಿತ್ಸೆಗೆ ಅನುಕೂಲವಿಲ್ಲದಿದ್ದರೆ ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳ ಪಶುವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಬಹುದು.

ಮನೆಯನ್ನು ಅಣಿಗೊಳಿಸುವುದು: ಮೊದಲು ನೆಲ

ಮೋತಿಯನ್ನು ಮನೆಗೆ ತಂದ ರಾತ್ರಿ ನಡುಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಇಳಿಸಿದೆವು. ಅವನು ಎದ್ದು ನಿಂತ. ಒಂದು ಹೆಜ್ಜೆಯನ್ನೂ ಇಡಲಿಲ್ಲ. ಮುಂಗಾಲುಗಳೆರಡೂ ನಿಧಾನವಾಗಿ ಅಗಲಕ್ಕೆ ಸರಿಯುತ್ತಿದ್ದವು, ಉಗುರುಗಳು ನೆಲವನ್ನು ಪರಚುತ್ತಿದ್ದವು, ಬಾಲ ಹೊಟ್ಟೆಗೆ ಅಂಟಿತ್ತು. ಗಾಬರಿಯಿಂದ ಬೆಡ್‌ಶೀಟು ಹಾಸಿದೆವು; ಬೆಡ್‌ಶೀಟೇ ಅವನನ್ನು ಹೊತ್ತು ಜಾರಿತು. ಅಜ್ಜನ ಕಾಲದಿಂದ ಮೇಣ ತಿಕ್ಕಿ ಕನ್ನಡಿಯಾಗಿಸಿದ ನೆಲದ ಬಗ್ಗೆ ನಮಗಿದ್ದ ಹೆಮ್ಮೆ ಆ ಒಂದು ಗಳಿಗೆಯಲ್ಲಿ ಇಳಿದುಹೋಯಿತು.

ನಾಲ್ಕು ಕಾಲಿನ ನಾಯಿ ಒಂದು ಕಾಲು ಜಾರಿದರೆ ಮೂರರ ಮೇಲೆ ಸಾವರಿಸಿಕೊಳ್ಳುತ್ತದೆ. ಮೂರು ಕಾಲಿನದಕ್ಕೆ ಆ ಸೌಲಭ್ಯವಿಲ್ಲ. ಹೊಲಿಗೆ ಹಸಿಯಾಗಿರುವಾಗ ಒಮ್ಮೆ ಬಿದ್ದರೆ ಗಾಯ ಬಾಯಿ ಬಿಡಬಹುದು, ಅದಕ್ಕಿಂತ ಹೆಚ್ಚಾಗಿ ನಾಯಿ ಹೆದರಿ ಏಳುವುದನ್ನೇ ಬಿಡಬಹುದು. ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್, ಮೊಸಾಯಿಕ್, ಯಾವುದಿದ್ದರೂ ನಾಯಿ ಆಸ್ಪತ್ರೆಯಿಂದ ಬರುವ ಮೊದಲೇ ಅದು ಮಲಗುವ ಜಾಗದಿಂದ ನೀರಿನ ಬಟ್ಟಲಿಗೂ ಅಲ್ಲಿಂದ ಹಿತ್ತಲ ಬಾಗಿಲಿಗೂ ಜಾರದ ಹಾಸನ್ನು ಎಡೆಬಿಡದೆ ಹಾಸಬೇಕು. ನಾವು ಹಲವು ಬಗೆಯದನ್ನು ಹಾಸಿ ನೋಡಿದೆವು. ಜಮಖಾನೆ ಮತ್ತು ಗೋಣಿತಾಟು ತಾವೇ ಜಾರುತ್ತವೆ, ಮಡಿಕೆಗೆ ಕಾಲು ಸಿಕ್ಕಿಕೊಳ್ಳುತ್ತದೆ. ರಬ್ಬರ್ ತಳದ ತೆಂಗಿನ ನಾರಿನ ಕಾಲೊರಸು ಹಿಡಿತ ಕೊಡುತ್ತದೆ, ಆದರೆ ಪಾದದ ಮೆತ್ತೆಗೆ ಒರಟು. ಯೋಗ ಮಾಡುವ ಚಾಪೆಗಳನ್ನು ಉದ್ದಕ್ಕೆ ಸೀಳಿ, ಅಂಚುಗಳನ್ನು ನೆಲಕ್ಕೆ ಟೇಪಿನಿಂದ ಅಂಟಿಸಿದ್ದು ಅಗ್ಗವೂ ಆಯಿತು, ಕೊನೆಯ ತನಕ ಬಾಳಿಕೆಯೂ ಬಂತು. ಎರಡು ಹಾಸುಗಳ ನಡುವೆ ಒಂದು ಅಡಿ ಬರಿನೆಲ ಬಿಟ್ಟರೂ ನಾಯಿ ಅಲ್ಲಿ ನಿಂತುಬಿಡುತ್ತದೆ ಅಥವಾ ಹಾರಲು ನೋಡುತ್ತದೆ, ಎರಡೂ ಬೇಡ. ನೆಲ ಒರೆಸಿದ ಮೇಲೆ ಪೂರ್ತಿ ಒಣಗುವ ತನಕ ನಾಯಿಯನ್ನು ಆ ಕಡೆ ಬಿಡಬಾರದು.

ಮಲಗಲು ದಪ್ಪನೆಯ, ಆದರೆ ತೀರಾ ಮೆತ್ತಗೆ ಹೂತುಹೋಗದ ಹಾಸಿಗೆ ಬೇಕು. ಕುಗ್ಗುವ ಹಾಸಿಗೆಯಿಂದ ಮೂರು ಕಾಲಿನಲ್ಲಿ ಏಳುವುದು ಕಷ್ಟ. ಮೆಟ್ಟಿಲಿಗೆ ಅಡ್ಡಗಟ್ಟು ಹಾಕಿ. ಸೋಫಾ, ಮಂಚಗಳ ಮೇಲೆ ಹತ್ತುವ ಅಭ್ಯಾಸವಿದ್ದರೆ ಆ ಕೋಣೆಯ ಬಾಗಿಲನ್ನು ಮುಚ್ಚಿ. ಮನೆಯಲ್ಲಿ ಬೇರೆ ನಾಯಿಯಿದ್ದರೆ ಹೊಲಿಗೆ ಬಿಚ್ಚುವ ತನಕ ಎರಡನ್ನೂ ಬೇರೆಯಾಗಿಡಬೇಕು. ಜಗಳವಾಡುತ್ತವೆ ಎಂದಲ್ಲ, ಆಟಕ್ಕೆ ಎಳೆಯುತ್ತವೆ ಮತ್ತು ಗಾಯ ನೆಕ್ಕುತ್ತವೆ ಎಂಬ ಕಾರಣಕ್ಕೆ.

ಮನೆಗೆ ಕರೆತರುವ ದಿನ

ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳಲ್ಲಿ ನಾಯಿಯನ್ನು ಮನೆಗೆ ಕಳಿಸುತ್ತಾರೆ. ಹೊರಡುವ ಮೊದಲು ಕೆಲವು ವಿಷಯಗಳನ್ನು ಕೇಳಿ ಕಾಗದದ ಮೇಲೆ ಬರೆದುಕೊಳ್ಳಬೇಕು: ಪ್ರತಿಯೊಂದು ಔಷಧವನ್ನು ಕೊನೆಯದಾಗಿ ಯಾವಾಗ ಕೊಟ್ಟರು, ಮುಂದಿನದು ಎಷ್ಟು ಗಂಟೆಗೆ, ಹೊಲಿಗೆ ತಾನಾಗಿ ಕರಗುವುದೋ ಬಿಚ್ಚಬೇಕಾದದ್ದೋ, ರಾತ್ರಿ ಹೊತ್ತು ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು. ನಮಗೆ ಕೊಟ್ಟ ಚೀಟಿಯಲ್ಲಿ ಮಾತ್ರೆಯ ಹೆಸರಿತ್ತು, ಹೊತ್ತು ಇರಲಿಲ್ಲ; ನಾವೂ ಕೇಳಲಿಲ್ಲ. ಸಂಜೆಯ ಮಾತ್ರೆಯನ್ನು ಆಸ್ಪತ್ರೆಯಲ್ಲಿಯೇ ಕೊಟ್ಟಿದ್ದಾರೆಂದು ತಿಳಿದು ಸುಮ್ಮನಿದ್ದೆವು, ಕೊಟ್ಟಿರಲಿಲ್ಲ. ಆ ರಾತ್ರಿ ಮೂರು ಗಂಟೆಗೆ ಅವನು ಕೂಗಿದ ಕೂಗು ಇನ್ನೂ ಕಿವಿಯಲ್ಲಿದೆ.

ಎತ್ತಿಕೊಳ್ಳುವಾಗ ಒಂದು ಕೈ ಎದೆಯ ಮುಂದೆ, ಇನ್ನೊಂದು ಕೈ ಪೃಷ್ಠದ ಕೆಳಗೆ ಬರಬೇಕು. ಗಾಯದ ಬದಿ ನಿಮ್ಮ ಮೈಗೆ ಒತ್ತದಂತೆ ಹೊರಮುಖವಾಗಿರಲಿ. ಭಾರದ ನಾಯಿಯನ್ನು ದಪ್ಪ ಕಂಬಳಿಯ ಮೇಲೆ ಮಲಗಿಸಿ ಇಬ್ಬರು ಹಿಡಿದು ಸಾಗಿಸುವುದು ಒಳ್ಳೆಯದು. ಕಾರು ಇಲ್ಲದಿದ್ದರೆ ಆಟೋದಲ್ಲಿಯೂ ತರಬಹುದು. ಒಬ್ಬರು ಹಿಂದಿನ ಸೀಟಿನಲ್ಲಿ ಕೂತು ನಾಯಿಯನ್ನು ಮೈಗೊರಗಿಸಿ ಹಿಡಿದುಕೊಂಡು, ರಸ್ತೆಯ ಉಬ್ಬುಗಳಲ್ಲಿ ನಿಧಾನವಾಗಿ ಹೋಗುವಂತೆ ಚಾಲಕರಿಗೆ ಮೊದಲೇ ಹೇಳಿದರೆ ಸಾಕು.

ಗಾಯವನ್ನು ಮೊದಲ ಸಲ ನೋಡಿದಾಗ ಎದೆ ಝಲ್ಲೆನ್ನುವುದು ಸಹಜ. ಕೂದಲನ್ನು ಬೋಳಿಸಿರುತ್ತಾರೆ, ಗೇಣುದ್ದದ ಹೊಲಿಗೆ ಇರುತ್ತದೆ, ಸುತ್ತ ಕೆಂಪು ನೀಲಿ ಬಣ್ಣ ತಿರುಗಿರುತ್ತದೆ. ಮನೆಯ ಮಕ್ಕಳಿಗೆ ಇದನ್ನು ಮೊದಲೇ ಹೇಳಿ ಸಿದ್ಧಪಡಿಸಿ. ನಾಯಿಗೆ ತನ್ನ ರೂಪದ ಬಗ್ಗೆ ಚಿಂತೆಯಿಲ್ಲ. ಸುತ್ತ ನಿಂತವರ ಅಳು ಮಾತ್ರ ಅದನ್ನು ಕಲಕುತ್ತದೆ.

ನೋವನ್ನು ಗುರುತಿಸುವುದು, ತಡೆಯುವುದು

ಮೊದಲ ಎರಡು ವಾರಗಳ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದೇ ಎಂಬುದು ನನ್ನ ಅಭಿಪ್ರಾಯ. ನೋವುನಿವಾರಕವನ್ನು ನೋವು ಕಂಡಾಗ ಕೊಡುವುದಲ್ಲ, ಗಡಿಯಾರ ನೋಡಿ ಕೊಡುವುದು. ನೋವು ಒಮ್ಮೆ ಏರಿದರೆ ಅದೇ ಮಾತ್ರೆಯಿಂದ ಅದನ್ನು ಇಳಿಸುವುದು ಕಷ್ಟ. ನಾವು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಹೊತ್ತು ಬರೆದು, ಕೊಟ್ಟವರು ಅಲ್ಲಿಯೇ ಗೀಟು ಹಾಕುವ ಪದ್ಧತಿ ಮಾಡಿಕೊಂಡೆವು. ಅಮ್ಮ ಕೊಟ್ಟಿರಬಹುದು, ತಮ್ಮ ಕೊಟ್ಟಿರಬಹುದು ಎಂಬ ಗೊಂದಲ ಅಲ್ಲಿಗೆ ನಿಂತಿತು.

ವೈದ್ಯರು ಸಾಮಾನ್ಯವಾಗಿ ಎರಡು ಮೂರು ಬಗೆಯ ಔಷಧಗಳನ್ನು ಒಟ್ಟಿಗೆ ಕೊಡುತ್ತಾರೆ. ಮೆಲಾಕ್ಸಿಕಾಮ್, ಕಾರ್ಪ್ರೊಫೆನ್‌ನಂಥವು ಊತ ಮತ್ತು ನೋವನ್ನು ಇಳಿಸುತ್ತವೆ. ಇವನ್ನು ಊಟದೊಂದಿಗೆ ಕೊಡಬೇಕು, ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡಿನ ಜೊತೆ ಸೇರಿಸಬಾರದು, ನಾಯಿ ವಾಂತಿ ಮಾಡಿದರೆ, ಊಟ ಬಿಟ್ಟರೆ ಅಥವಾ ಮಲ ಡಾಂಬರಿನಂತೆ ಕಪ್ಪಾದರೆ ಮುಂದಿನ ಮಾತ್ರೆಗೆ ಮೊದಲೇ ವೈದ್ಯರಿಗೆ ತಿಳಿಸಬೇಕು. ಗ್ಯಾಬಪೆಂಟಿನ್ ನರದ ನೋವಿಗೆ. ಇದರಿಂದ ನಾಯಿ ಮಂಪರಿನಲ್ಲಿ ತೂರಾಡಬಹುದು, ಆದ್ದರಿಂದ ಮೊದಲ ದಿನಗಳಲ್ಲಿ ಅದು ಓಲಾಡುವುದಕ್ಕೆ ಮೂರು ಕಾಲಷ್ಟೇ ಕಾರಣವಲ್ಲ. ಇದನ್ನು ಹಠಾತ್ತನೆ ನಿಲ್ಲಿಸದೆ ವೈದ್ಯರು ಹೇಳಿದಂತೆ ಕ್ರಮೇಣ ಇಳಿಸಬೇಕು. ಮನುಷ್ಯರಿಗೆಂದು ತಯಾರಾದ ಗ್ಯಾಬಪೆಂಟಿನ್ ದ್ರಾವಣಗಳಲ್ಲಿ ಕೆಲವಕ್ಕೆ ಕ್ಸೈಲಿಟಾಲ್ ಎಂಬ ಸಿಹಿಕಾರಕವನ್ನು ಬೆರೆಸಿರುತ್ತಾರೆ. ಅದು ನಾಯಿಗೆ ವಿಷ. ಸೀಸೆಯ ಮೇಲಿನ ಚೀಟಿಯನ್ನು ಓದದೆ ಕೊಡಬೇಡಿ.

ಮನೆಯ ಔಷಧದ ಡಬ್ಬಿಯನ್ನು ಮಾತ್ರ ತೆರೆಯಲೇಬಾರದು. ಮನುಷ್ಯರು ಮೈಕೈ ನೋವಿಗೆ ನುಂಗುವ ಐಬುಪ್ರೊಫೆನ್ ಮತ್ತು ಡೈಕ್ಲೊಫೆನಾಕ್ ನಾಯಿಯ ಜಠರದಲ್ಲಿ ಹುಣ್ಣು ಮಾಡಿ, ಮೂತ್ರಪಿಂಡವನ್ನು ಕೆಡಿಸಿ ಪ್ರಾಣಕ್ಕೇ ಎರವಾಗಬಲ್ಲವು. ಪ್ಯಾರಾಸಿಟಮಾಲ್ ಕೂಡ ವೈದ್ಯರು ಹೇಳದೆ ಕೊಡುವಂಥದ್ದಲ್ಲ.

ನಾಯಿ ನೋವನ್ನು ಅಡಗಿಸುತ್ತದೆ, ಕೂಗುವುದು ಕೊನೆಗೆ. ಅದಕ್ಕೆ ಮೊದಲು ಕಾಣುವುದು ಬೇರೆ: ಸೆಕೆಯಿಲ್ಲದಿದ್ದರೂ ಏದುಸಿರು, ಕೂತಲ್ಲಿ ಕೂರದೆ ಜಾಗ ಬದಲಿಸುವುದು, ಮಲಗಲು ಹೋಗಿ ಅರ್ಧಕ್ಕೇ ಎದ್ದುಬಿಡುವುದು, ಗಾಯದ ಕಡೆ ಮತ್ತೆಮತ್ತೆ ತಿರುಗಿ ನೋಡುವುದು, ಪ್ರೀತಿಯವರು ಮುಟ್ಟಿದರೂ ಗುರ್ರೆನ್ನುವುದು. ಮನುಷ್ಯರಂತೆ ನಾಯಿಗಳಿಗೂ ಇಲ್ಲದ ಕಾಲಿನಲ್ಲಿ ನೋವು ಬರುತ್ತದೆಂದು ವೈದ್ಯರು ನಂಬುತ್ತಾರೆ. ನಿದ್ದೆಯಲ್ಲಿರುವ ನಾಯಿ ಚೇಳು ಕಡಿದಂತೆ ಕಿರುಚಿ ಎದ್ದು ಸೊಂಟವನ್ನು ನೋಡಿಕೊಂಡರೆ, ಗಾಯದ ಬಳಿಯ ಮಾಂಸಖಂಡ ಬಿಗಿದು ಅದುರುತ್ತಿದ್ದರೆ ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ವೈದ್ಯರಿಗೆ ತೋರಿಸಿ. ನಾವು ಬಾಯಲ್ಲಿ ವರ್ಣಿಸುವುದಕ್ಕಿಂತ ಹತ್ತು ಸೆಕೆಂಡಿನ ವಿಡಿಯೋ ಅವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಗಾಯದ ಆರೈಕೆ

ದಿನಕ್ಕೆ ಎರಡು ಸಲ, ಒಳ್ಳೆಯ ಬೆಳಕಿನಲ್ಲಿ, ಕೈ ತೊಳೆದುಕೊಂಡು ಗಾಯವನ್ನು ನೋಡಬೇಕು. ದಿನಕ್ಕೊಂದು ಫೋಟೋ ತೆಗೆದಿಟ್ಟರೆ ಊತ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದಕ್ಕೆ ಸಾಕ್ಷಿ ಸಿಗುತ್ತದೆ. ಮೊದಲೆರಡು ದಿನ ತುಸು ಕೆಂಪು ಬೆರೆತ ನೀರು ಜಿನುಗುವುದು, ಕೆಲವು ದಿನ ನೀಲಿಗಟ್ಟಿದ ಬಣ್ಣ ಹೊಟ್ಟೆಯ ಕೆಳಭಾಗಕ್ಕೆ ಇಳಿಯುವುದು ಹೆದರಬೇಕಾದ ಸಂಗತಿಯಲ್ಲ. ಗಾಯದ ಕೆಳಗೆ ನೀರು ತುಂಬಿದ ಬಲೂನಿನಂತೆ ಮೆತ್ತನೆಯ ಊತವೂ ಬರಬಹುದು. ಕಾಲಿದ್ದ ಜಾಗದ ಪೊಳ್ಳಿನಲ್ಲಿ ಮೈನೀರು ಸೇರಿಕೊಳ್ಳುವುದೇ ಇದಕ್ಕೆ ಕಾರಣ. ಹೆಚ್ಚಿನವು ತಾವಾಗಿ ಇಂಗುತ್ತವೆ. ವೈದ್ಯರಿಗೆ ತೋರಿಸಿ, ಆದರೆ ಮನೆಯಲ್ಲಿ ಸೂಜಿ ಚುಚ್ಚುವ ಸಾಹಸ ಖಂಡಿತ ಬೇಡ.

ವೈದ್ಯರು ಒಪ್ಪಿದರೆ ಮೊದಲ ಎರಡು ಮೂರು ದಿನ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10 ನಿಮಿಷದಷ್ಟು ಹೊತ್ತು, ದಿನಕ್ಕೆ ಮೂರು ಸಲ ಗಾಯದ ಸುತ್ತ ಇಡಬಹುದು. ಗಾಯದ ಮೇಲೆ ಅರಿಸಿನ, ಕೊಬ್ಬರಿ ಎಣ್ಣೆ, ಬೇವಿನ ಎಣ್ಣೆ, ಹೈಡ್ರೋಜನ್ ಪೆರಾಕ್ಸೈಡ್, ಯಾವುದನ್ನೂ ಹಚ್ಚಬಾರದು. ಅರಿಸಿನದ ಬಗ್ಗೆ ನಮ್ಮ ಮನೆಯಲ್ಲಿ ದೊಡ್ಡ ವಾದವೇ ನಡೆಯಿತು. ಅಂಗೈ ಕೊಯ್ದುಕೊಂಡಾಗ ಒತ್ತುವ ಅರಿಸಿನ ಬೇರೆ, ಶುದ್ಧವಾಗಿ ಮುಚ್ಚಿ ಹೊಲಿದ ಗಾಯಕ್ಕೆ ಅಡುಗೆಮನೆಯ ಪುಡಿಯನ್ನು ತುಂಬುವುದು ಬೇರೆ ಎಂದು ಅಜ್ಜಿಯನ್ನು ಒಪ್ಪಿಸಲು ಎರಡು ದಿನ ಹಿಡಿಯಿತು.

ನೊಣವನ್ನು ಕಡೆಗಣಿಸಬಾರದು. ನಮ್ಮ ಹವೆಯಲ್ಲಿ, ಅದರಲ್ಲಿಯೂ ಮಳೆಗಾಲದಲ್ಲಿ, ತೆರೆದ ಗಾಯದ ಮೇಲೆ ಕೂತ ನೊಣ ಮೊಟ್ಟೆಯಿಟ್ಟರೆ ಒಂದೆರಡು ದಿನಗಳಲ್ಲಿ ಹುಳು ಬೀಳುತ್ತದೆ. ಹಗಲು ಹೊತ್ತಿನಲ್ಲಿಯೂ ಸೊಳ್ಳೆಪರದೆ ಕಟ್ಟಿ ನಾಯಿಯನ್ನು ಅದರೊಳಗೆ ಮಲಗಿಸುವುದು, ಮೂತ್ರ ಮಾಡಿದ ಹಾಸಿಗೆಯ ಬಟ್ಟೆಯನ್ನು ಕೂಡಲೇ ಬದಲಿಸುವುದು, ಹಳೆಯ ಹತ್ತಿ ಬನಿಯನ್ ಅಥವಾ ಮಕ್ಕಳ ಟೀಶರ್ಟನ್ನು ತೊಡಿಸಿ ಗಾಯ ಮುಚ್ಚುವುದು ಸುಲಭದ ಉಪಾಯಗಳು. ಬೀದಿನಾಯಿಗೆ ಚಿಕಿತ್ಸೆ ಕೊಡಿಸಿದವರು ಅದನ್ನು ಹೊಲಿಗೆ ಬಿಚ್ಚುವ ಮೊದಲೇ ಬೀದಿಗೆ ಬಿಡಬಾರದು ಎನ್ನುವುದಕ್ಕೆ ಮುಖ್ಯ ಕಾರಣವೂ ಇದೇ. ನನ್ನನ್ನು ಕೇಳಿದರೆ ಪೂರ್ತಿ ಒಂದು ತಿಂಗಳಾದರೂ ಅದಕ್ಕೆ ಗೋಡೆಯೊಳಗಿನ ಆಶ್ರಯ ಬೇಕು.

ಕೊರಳಿಗೆ ಕಟ್ಟುವ ಪ್ಲಾಸ್ಟಿಕ್ ಕೋನ್ ಹೊಲಿಗೆ ಬಿಚ್ಚುವ ತನಕ, ಅಂದರೆ 10ರಿಂದ 14 ದಿನ, ಇರಲೇಬೇಕು. ಮೂರು ಕಾಲಿನಲ್ಲಿ ಸಮತೋಲ ಹುಡುಕುತ್ತಿರುವ ನಾಯಿಗೆ ಅದು ತೊಡಕೇ ಸರಿ; ಅದರ ಅಂಚು ಹೊಸ್ತಿಲಿಗೆ ತಗುಲಿ ಮೋತಿ ಎರಡು ಸಲ ಮುಗ್ಗರಿಸಿದ. ಪಕ್ಕದಲ್ಲಿ ಕೂತು ಊಟ ಮಾಡಿಸುವಾಗ ಬಿಚ್ಚಬಹುದು, ಕಣ್ಣು ತಪ್ಪಿದರೆ ಮತ್ತೆ ಕಟ್ಟಬೇಕು. ಹೊಲಿಗೆಯನ್ನು ಹಲ್ಲಿನಿಂದ ಕಿತ್ತುಕೊಳ್ಳಲು ನಾಯಿಗೆ ಐದು ನಿಮಿಷ ಸಾಕು. ಸ್ನಾನ ಹೊಲಿಗೆ ಬಿಚ್ಚುವ ತನಕ ಬೇಡ.

ಕೆಲವು ಲಕ್ಷಣಗಳು ಕಂಡರೆ ಬೆಳಗಾಗಲೆಂದು ಕಾಯಬಾರದು. ಗಾಯದಿಂದ ರಕ್ತ ತೊಟ್ಟಿಕ್ಕುತ್ತಲೇ ಇದ್ದರೆ, ಹೊಲಿಗೆ ಬಿಟ್ಟು ಒಳಮಾಂಸ ಕಂಡರೆ, ಕೀವು ಅಥವಾ ಕೆಟ್ಟ ವಾಸನೆ ಬಂದರೆ, ನಿದ್ದೆಯಲ್ಲಿಯೂ ಉಸಿರಾಟ ಬಿರುಸಾಗಿದ್ದರೆ, 24 ಗಂಟೆಯಾದರೂ ಮೂತ್ರ ಮಾಡದಿದ್ದರೆ ವೈದ್ಯರಲ್ಲಿಗೆ ಹೊರಡಬೇಕು. ವಸಡನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ವಸಡೇ ಬಿಳಿಯಾಗಿದ್ದರೆ ಒಳಗೆ ರಕ್ತ ಸೋರುತ್ತಿರಬಹುದು. ನಾಯಿಯ ಸಹಜ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮನುಷ್ಯರ ಲೆಕ್ಕದಲ್ಲಿ ನೋಡಿ ಜ್ವರವೆಂದು ಗಾಬರಿಯಾಗುವುದು ಬೇಡ, ಆದರೆ 103 ದಾಟಿದರೆ ಫೋನ್ ಮಾಡಿ.

ಊಟ, ನೀರು, ಮಲಮೂತ್ರ

ಮೊದಲ ದಿನ ಊಟ ಬೇಡವೆನ್ನುವುದು ಸಾಮಾನ್ಯ. ಉಪ್ಪು ಖಾರ ಹಾಕದೆ ಬೇಯಿಸಿದ ಕೋಳಿಮಾಂಸದೊಂದಿಗೆ ಮೆತ್ತನೆಯ ಅನ್ನವನ್ನು ಉಗುರುಬೆಚ್ಚಗೆ ಕೊಟ್ಟರೆ ವಾಸನೆಗೇ ಬಾಯಿ ಹಾಕುತ್ತದೆ. ಮಾಂಸ ತಿನ್ನದ ಮನೆಯಲ್ಲಿ ಮೊಸರನ್ನ ನಡೆಯುತ್ತದೆ. ಈರುಳ್ಳಿ ಬೆಳ್ಳುಳ್ಳಿ ಬಿದ್ದ ಸಾರನ್ನು ಕಲಸಬಾರದು, ಅವು ನಾಯಿಯ ರಕ್ತಕಣಗಳನ್ನು ಹಾಳು ಮಾಡುತ್ತವೆ. ಎರಡು ದಿನ ಏನನ್ನೂ ಮುಟ್ಟದಿದ್ದರೆ ವೈದ್ಯರಿಗೆ ತಿಳಿಸಿ. ಮುಂಗಾಲು ಹೋದ ನಾಯಿಗೆ ಬಗ್ಗಿ ತಿನ್ನುವಾಗ ಇಡೀ ಭಾರ ಉಳಿದ ಒಂದೇ ಮುಂಗಾಲಿನ ಮೇಲೆ ಬೀಳುವುದರಿಂದ ಬಟ್ಟಲನ್ನು ಮಣೆಯ ಮೇಲಿಟ್ಟು ತುಸು ಎತ್ತರಿಸಬೇಕು.

ಅರಿವಳಿಕೆ, ಉಪವಾಸ ಮತ್ತು ನೋವಿನ ಔಷಧಗಳಿಂದಾಗಿ ಮೂರು ನಾಲ್ಕು ದಿನ ಮಲವಿಸರ್ಜನೆ ಆಗದಿದ್ದರೆ ಆಶ್ಚರ್ಯವಿಲ್ಲ. ಹಿಂಗಾಲು ಹೋದ ನಾಯಿ ಕುಕ್ಕರುಗೂತು ಮಾಡುವ ಭಂಗಿಗೆ ಹೆದರಿ ತಡೆದುಕೊಳ್ಳುವುದೂ ಉಂಟು. ಆಗ ಹೊಟ್ಟೆಯ ಕೆಳಗೆ ಬಟ್ಟೆಯ ಆಸರೆ ಕೊಟ್ಟು ನಿಂತರೆ ಧೈರ್ಯ ಬರುತ್ತದೆ. ಕಾಲೆತ್ತಿ ಮೂತ್ರ ಮಾಡುತ್ತಿದ್ದ ಗಂಡುನಾಯಿ ಕೆಲವು ದಿನ ಗೊಂದಲಪಡುತ್ತದೆ. ಮೋತಿ ಮೊದಲು ಇದ್ದ ಒಂದೇ ಹಿಂಗಾಲನ್ನು ಎತ್ತಲು ಹೋಗಿ ಕೂತುಬಿಟ್ಟ; ನಾಲ್ಕನೆಯ ದಿನಕ್ಕೆ ಸಂಪಿಗೆ ಮರಕ್ಕೆ ಸೊಂಟ ಆನಿಸಿ ನಿಲ್ಲುವ ಉಪಾಯವನ್ನು ತಾನೇ ಕಂಡುಕೊಂಡ.

ಆಸರೆ ಕೊಟ್ಟು ನಡೆಸುವುದು

ಮೊದಲ ಕೆಲವು ದಿನಗಳಿಗೆ ಹಳೆಯ ಟರ್ಕಿ ಟವೆಲ್ಲೇ ಒಳ್ಳೆಯ ಜೋಲಿ. ಹಿಂಗಾಲು ಹೋಗಿದ್ದರೆ ಹೊಟ್ಟೆಯ ಕೆಳಗೆ, ಉಳಿದ ತೊಡೆಗೆ ಹತ್ತಿರವಾಗಿ ಟವೆಲನ್ನು ಹಾಯಿಸಿ ಎರಡು ತುದಿಗಳನ್ನೂ ಬೆನ್ನ ಮೇಲೆ ಹಿಡಿಯಬೇಕು; ಗಂಡುನಾಯಿಯಲ್ಲಿ ಮೂತ್ರಾಂಗಕ್ಕೆ ಒತ್ತಬಾರದು, ಬಟ್ಟೆ ಹೊಲಿಗೆಯ ಮೇಲೆ ಬರಬಾರದು. ಮುಂಗಾಲು ಹೋಗಿದ್ದರೆ ಎದೆಯ ಕೆಳಗೆ. ಬೆನ್ನ ಮೇಲೆ ಹಿಡಿಕೆಯಿರುವ ಸೊಂಟಪಟ್ಟಿ ಪೇಟೆಯಲ್ಲಿ ಸಿಗುತ್ತದೆ, ಕೊಂಡರೆ ಮುಂದೆ ಕಾರು ಹತ್ತಿಸಲೂ ಬಳಕೆಗೆ ಬರುತ್ತದೆ. ನಾಯಿಯನ್ನು ಎತ್ತಿ ಹಿಡಿದು ನಡೆಸುವುದು ಜೋಲಿಯ ಉದ್ದೇಶವಲ್ಲ. ಬೀಳುವಾಗ ಮಾತ್ರ ಬಿಗಿಯಾಗುವಷ್ಟು ಸಡಿಲವಾಗಿ ಹಿಡಿದರೆ ಅದು ತನ್ನ ಸಮತೋಲವನ್ನು ತಾನೇ ಕಲಿಯುತ್ತದೆ. ಕಾಲಿಲ್ಲದ ಬದಿಯಲ್ಲಿ ನಡೆಯಿರಿ, ಓಲುವುದು ಆ ಕಡೆಗೇ.

ಹೊಲಿಗೆ ಬಿಚ್ಚುವ ತನಕ ಹೊರಗೆ ಹೋಗುವುದು ಮಲಮೂತ್ರಕ್ಕೆ ಮಾತ್ರ, ಅದೂ ಗಿಡ್ಡ ಹಗ್ಗದಲ್ಲಿ, ಒಮ್ಮೆಗೆ ಐದು ನಿಮಿಷ. ಇಲ್ಲಿ ಹೆಚ್ಚಿನವರು ಎಡವುವುದು ನಾಯಿ ಚೆನ್ನಾಗಿದೆ ಎಂಬ ಕಾರಣಕ್ಕೇ. ಐದನೆಯ ದಿನಕ್ಕೆ ಅದು ಅಂಗಳದಲ್ಲಿ ಕುಪ್ಪಳಿಸಿ ಓಡುವುದನ್ನು ಕಂಡು ಖುಷಿಯಿಂದ ಬಿಟ್ಟುಬಿಡುತ್ತಾರೆ; ಒಳಗಿನ ಮಾಂಸಖಂಡ ಇನ್ನೂ ಕೂಡಿಕೊಂಡಿರುವುದಿಲ್ಲ. ಮೂರು ಕಾಲಿನ ನಾಯಿಗೆ ನಿಧಾನವಾಗಿ ನಡೆಯುವುದೇ ಕಷ್ಟ, ಓಟ ಸುಲಭ, ಏಕೆಂದರೆ ವೇಗವೇ ಅದರ ಸಮತೋಲವನ್ನು ಕಾಯುತ್ತದೆ. ಆದ್ದರಿಂದ ಅದು ಓಡಲು ನೋಡುವುದನ್ನು ಪೂರ್ತಿ ಗುಣವಾಗಿರುವುದರ ಗುರುತೆಂದು ತಿಳಿಯಬಾರದು.

ಹೊಲಿಗೆ ಬಿಚ್ಚಿದ ಮೇಲೆ

ಗಾಯ ಪೂರ್ತಿ ಕೂಡಿದೆಯೆಂದು ವೈದ್ಯರು ಹೇಳಿದ ಮೇಲೆ ನಡಿಗೆಯನ್ನು ವಾರಕ್ಕೆ ಕೆಲವೇ ನಿಮಿಷಗಳಂತೆ ಹೆಚ್ಚಿಸಬೇಕು. ದಿನಕ್ಕೊಮ್ಮೆ ಅರ್ಧ ಗಂಟೆಗಿಂತ, ಹತ್ತು ಹತ್ತು ನಿಮಿಷದ ಮೂರು ನಡಿಗೆಗಳು ಒಳ್ಳೆಯವು. ನಡುವೆ ನಾಯಿ ಕೂತರೆ ಎಳೆಯದೆ ನಾವೂ ನಿಲ್ಲಬೇಕು. ಮಧ್ಯಾಹ್ನದ ಡಾಂಬರು ರಸ್ತೆ ಬೇಡ. ಪ್ರತಿ ಪಾದಕ್ಕೂ ಈಗ ಹೆಚ್ಚು ಹೊರೆ, ಹೆಚ್ಚು ಬಿಸಿ.

ಮಾಂಸಖಂಡಗಳನ್ನು ಬಲಪಡಿಸಲು ದುಬಾರಿ ಸಲಕರಣೆ ಬೇಕಾಗಿಲ್ಲ. ಜಾರದ ಹಾಸಿನ ಮೇಲೆ ನಾಯಿಯನ್ನು ನಿಲ್ಲಿಸಿ, ತಿಂಡಿಯ ಚೂರನ್ನು ಮೂಗಿನ ಮುಂದೆ ಹಿಡಿದು ಮೊದಲು ಒಂದು ಹೆಗಲ ಕಡೆಗೆ, ಆಮೇಲೆ ಸೊಂಟದ ಕಡೆಗೆ, ಆಮೇಲೆ ಮುಂಗಾಲುಗಳ ನಡುವೆ ಕೆಳಕ್ಕೆ ನಿಧಾನವಾಗಿ ಒಯ್ಯಿರಿ. ಪ್ರತಿ ಸಲ ಐದು ಸೆಕೆಂಡು ಹಿಡಿದು ಕೊಡಿ, ಎರಡೂ ಬದಿಗೆ ಮೂರು ನಾಲ್ಕು ಬಾರಿ. ಕತ್ತು ಬೆನ್ನು ಎರಡೂ ಬಾಗುತ್ತವೆ, ತೂಕವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಸಾಗಿಸುವುದನ್ನು ನಾಯಿ ಕಲಿಯುತ್ತದೆ. ಒಂದೆರಡು ವಾರದ ನಂತರ ಪೊರಕೆಯ ಹಿಡಿಕೋಲುಗಳನ್ನು ಹೆಜ್ಜೆಗೊಂದರಂತೆ ನೆಲದ ಮೇಲಿಟ್ಟು ಅವನ್ನು ದಾಟಿಸಬಹುದು. ಐದು ನಿಮಿಷಕ್ಕಿಂತ ಹೆಚ್ಚು ಬೇಡ. ಕಾಲು ನಡುಗಿದರೆ, ನಾಯಿ ಮುಖ ತಿರುಗಿಸಿದರೆ ಅಂದಿಗೆ ನಿಲ್ಲಿಸಿ. ನೀರಿನಲ್ಲಿ ನಡೆಸುವ ಚಿಕಿತ್ಸೆ ದೊಡ್ಡ ಊರುಗಳಲ್ಲಿ ದೊರೆಯುತ್ತದೆ, ಅನುಕೂಲವಿದ್ದರೆ ಒಳ್ಳೆಯದು. ಹಿಂಗಾಲು ಹೋದ ನಾಯಿ ಬೆನ್ನನ್ನು ಅಡ್ಡಕ್ಕೆ ಬಳುಕಿಸಿ ನಡೆಯುತ್ತದೆ, ಮುಂಗಾಲು ಹೋದದ್ದು ತಲೆಯನ್ನು ಮೇಲೆ ಕೆಳಗೆ ಆಡಿಸಿ ಕುಪ್ಪಳಿಸುತ್ತದೆ; ಸಂಜೆ ಹೊತ್ತು ಬೆನ್ನೆಲುಬಿನ ಎರಡು ಪಕ್ಕ, ಹೆಗಲು, ಕತ್ತುಗಳನ್ನು ಅಂಗೈಯಿಂದ ಮೆಲ್ಲಗೆ ನೀವಿದರೆ ಅವು ಕಣ್ಣು ಮುಚ್ಚಿ ಸುಖಪಡುತ್ತವೆ.

ಮುಂದಿನ ವರ್ಷಗಳು

ಉಳಿದ ಕಾಲುಗಳಿಗೆ ದೊಡ್ಡ ವೈರಿ ಬೊಜ್ಜು. ಕಾಲು ಹೋದ ನಾಯಿಯೆಂದು ಮನೆಗೆ ಬಂದವರೆಲ್ಲ ಬಿಸ್ಕತ್ತು ಹಾಕುತ್ತಾರೆ. ಮೋತಿ ಎರಡೇ ತಿಂಗಳಲ್ಲಿ ಎರಡು ಕಿಲೋ ಏರಿದ, 18 ಕಿಲೋದ ನಾಯಿಗೆ ಅದು ಕಡಿಮೆಯಲ್ಲ. ಪಕ್ಕೆಯ ಮೇಲೆ ಅಂಗೈ ಆಡಿಸಿದಾಗ ಒತ್ತದೆಯೇ ಪಕ್ಕೆಲುಬುಗಳು ಬೆರಳಿಗೆ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಒಳಕ್ಕೆ ಸರಿದಿರಬೇಕು. ತುಸು ಸಣಕಲಾಗಿ ಕಂಡರೂ ಚಿಂತೆಯಿಲ್ಲ. ತಿಂಗಳಿಗೊಮ್ಮೆ ತೂಗಿ ಬರೆದಿಡಿ. ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನಿಮ್ಮ ತೂಕವನ್ನು ಕಳೆದರಾಯಿತು. ಉಗುರು ಬೆಳೆದರೆ ಪಾದ ಸರಿಯಾಗಿ ಊರುವುದಿಲ್ಲ, ಮೆತ್ತೆಗಳ ನಡುವಿನ ಕೂದಲು ಉದ್ದವಾದರೆ ಜಾರುತ್ತದೆ, ಎರಡನ್ನೂ ಮೂರು ವಾರಕ್ಕೊಮ್ಮೆ ಕತ್ತರಿಸಬೇಕು. ವರ್ಷಕ್ಕೆರಡು ಸಲ ಕೀಲುಗಳನ್ನು ವೈದ್ಯರಿಂದ ಪರೀಕ್ಷೆ ಮಾಡಿಸಿ. ಉಳಿದ ಕಾಲುಗಳಲ್ಲಿ ಒಂದನ್ನು ಊರಲು ಹಿಂಜರಿದರೆ, ಏಳಲು ಒದ್ದಾಡಿದರೆ ಅದೇ ದಿನ ತೋರಿಸಬೇಕು. ನಾಲ್ಕು ಕಾಲಿನ ನಾಯಿ ಕುಂಟಿದರೆ ನಾಳೆ ನೋಡೋಣವೆನ್ನಬಹುದು, ಇಲ್ಲಿ ಹಾಗೆನ್ನುವಂತಿಲ್ಲ. ದೀಪಾವಳಿಯ ಪಟಾಕಿಯಂಥ ಸದ್ದಿಗೆ ಬೆದರಿ ಓಡುವ ನಾಯಿಯಾದರೆ ಆ ಮೂರು ದಿನ ಹಾಸು ಹಾಸಿದ ಕೋಣೆಯಲ್ಲಿಯೇ ಜೊತೆಗಿದ್ದು ಕಾಯಬೇಕು.

ಹಿಂಗಾಲು ಹೋದ ನಾಯಿಯ ವಿಷಯದಲ್ಲಿ ಬಹಳ ಜನ ಗಮನಿಸದ ಒಂದು ಜಾಗವಿದೆ, ಕಾಲಿಲ್ಲದ ಬದಿಯ ಕಿವಿ. ಆ ಕಿವಿಯನ್ನು, ಆ ಬದಿಯ ಕೊರಳನ್ನು ಕೆರೆದುಕೊಳ್ಳಲು ಅದಕ್ಕೆ ಕಾಲಿಲ್ಲ. ಉಣ್ಣಿ ಸೇರಿಕೊಳ್ಳುವುದೂ ಅಲ್ಲಿಯೇ, ಕಿವಿಯ ಮಡಿಕೆಯಲ್ಲಿ ಮೇಣ ಕಟ್ಟಿ ಸೋಂಕಾಗುವುದೂ ಅಲ್ಲಿಯೇ; ದಿನಕ್ಕೊಮ್ಮೆ ಬೆರಳಾಡಿಸಿ ನೋಡಬೇಕು. ತುರಿಕೆ ಬಂದಾಗ ಮೋತಿ ಇಂದಿಗೂ ಕೂತು, ತಲೆಯನ್ನು ಎಡಕ್ಕೆ ವಾಲಿಸಿ, ಕಣ್ಣನ್ನು ಅರ್ಧ ಮುಚ್ಚುತ್ತಾನೆ. ಎಡ ಸೊಂಟದ ಚರ್ಮದ ಕೆಳಗೆ ಉಳಿದ ಮಾಂಸಖಂಡ ಪಟಪಟನೆ ಅದುರುತ್ತದೆ, ಕೆರೆಯುತ್ತಿರುವ ಹಾಗೆಯೇ. ಕೈಯಲ್ಲಿರುವ ಕೆಲಸ ಬಿಟ್ಟು ಹೋಗಿ ಆ ಕಿವಿಯ ಬುಡವನ್ನು ಕೆರೆಯಬೇಕು, ಸೊಂಟದ ಅದುರು ನಿಲ್ಲುವ ತನಕ.